ಮೆಷಿನ್ನಿಗೆ ಮಾತು ಕಲಿಸಿದ ಲ್ಯಾನ್ಸಿ ಲಸ್ರಾದೊ

ಬಹರೈನ್‌ನ ಆಸ್ಪತ್ರೆಗಳಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವ ವೃತ್ತಿಯಲ್ಲಿ ನಮ್ಮ ಕರಾವಳಿಯವರು ಬಹಳ ಮಂದಿ ಇದ್ದಾರೆ. ಅವರ ಪೈಕಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಸರ್ವರ್ ಕೋಣೆಯ ಬೀಗದಿಂದ ಹೊರಗೆ ತಂದು, ಗುಮಾಸ್ತರ, ದಾದಿಯರ, ಔಷಧ ಉಗ್ರಾಣದವರ ಮೇಜಿನ ಮೇಲೆ ಕೂರಿಸಿ, ಇದನ್ನು ಕಲಿತರೆ ಯಾರೂ ಸಾಯುವುದಿಲ್ಲ ಎಂದು ಗದರಿಸಿ ಕಲಿಸಿದವರು ನನಗೆ ತಿಳಿದಮಟ್ಟಿಗೆ ಶ್ರೀ ಲ್ಯಾನ್ಸಿ ಲಸ್ರಾದೊ ಒಬ್ಬರೇ. ಹಳೆಯ ಆವೃತ್ತಿಯ ಆಯುಷ್ಯ ಮುಗಿದಾಗ ಹೊಸ ಆವೃತ್ತಿ ಹಾಕುವುದು, ಹಳತರಲ್ಲಿದ್ದ ಯಾವುದೂ ಹೊಸತರಲ್ಲಿ ಕಳೆದುಹೋಗದಂತೆ ಕಾಯುವುದು ಅವರ ಕಸುಬು. ಈ ಕಸುಬಿಗೆ ಹೊಗಳಿಕೆ ದಕ್ಕುವುದಿಲ್ಲ. ಸರಿಯಾಗಿ ಆದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಕೆಟ್ಟರೆ ಮಾತ್ರ ಇಡೀ ಆಸ್ಪತ್ರೆ ಇವರ ಹೆಸರು ಹಿಡಿದು ಕೂಗುತ್ತದೆ.

ಈ ಗ್ರಂಥದ ಸಂಪಾದಕರೂ ನಮ್ಮ ಸಂಘದ ಕಾರ್ಯದರ್ಶಿಗಳೂ ಆದ ಶ್ರೀ ಜೆರಾಲ್ಡ್ ಅವರು ಲೇಖನ ಕೇಳಲು ಫೋನ್ ಮಾಡಿದಾಗ ಒಂದು ಷರತ್ತು ಹಾಕಿದರು.

"ಪ್ರಫುಲ್ಲಕ್ಕ, ದುಃಖದ್ದೆಲ್ಲ ಬೇಡ ಆಯ್ತಾ. ಸನ್ಮಾನದ ಪುಸ್ತಕ ಅಲ್ವಾ, ಓದಿದವರಿಗೆ ಒಳ್ಳೇದಾಗ್ಬೇಕು."

"ಹಾಗಾದ್ರೆ ನೀವು ನನ್ನ ಹತ್ರ ಕೇಳ್ಲೇಬಾರ್ದಿತ್ತು ಮಾರಾಯ್ರೆ," ಎಂದೆ.

ಅವರು ನಕ್ಕು ಫೋನಿಟ್ಟರು. ನಾನು ತಮಾಷೆಗೆ ಹೇಳಿದ್ದಲ್ಲ. ಲಸ್ರಾದೊ ಅವರ ಇಗರ್ಜಿಯ, ಅಂದರೆ ಚರ್ಚಿನ, ಗಾಯನ, ಸಂಘದ ನಾಟಕಗಳಿಗೆ ಅವರು ಮಾಡಿದ ಧ್ವನಿ ವ್ಯವಸ್ಥೆ, ಇವನ್ನೆಲ್ಲ ಬರೆಯಲು ಬೇರೆಯವರಿದ್ದಾರೆ. ನಾನು ಸಲ್ಮಾನಿಯಾದ ಬಳಿಯ ಒಂದು ಖಾಸಗಿ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂರುವವಳು. ನನಗೆ ಕಣ್ಣು ಕಾಣುವುದಿಲ್ಲ. ನನ್ನ ಕಂಪ್ಯೂಟರು ಪರದೆಯ ಮೇಲಿರುವುದನ್ನು ನನಗೆ ಓದಿ ಹೇಳುತ್ತದೆ, ನಾನು ಕೇಳಿ ಕೆಲಸ ಮಾಡುತ್ತೇನೆ. ಈ ಲೇಖನವನ್ನೂ ಹಾಗೆಯೇ, ಒಂದೊಂದು ಸಾಲನ್ನೂ ಅದರ ಬಾಯಿಂದ ಕೇಳಿಸಿಕೊಳ್ಳುತ್ತ ಬರೆಯುತ್ತಿದ್ದೇನೆ. ಆ ಮೆಷಿನ್ನಿಗೆ ಮಾತು ಕಲಿಸಿದವರು ಲ್ಯಾನ್ಸಿ ಸರ್. ನನಗೆ ಬರೆಯಲು ಇರುವುದು ಅದೊಂದೇ ಸಂಗತಿ, ಅದು ಸುಖದ ಸಂಗತಿಯಾಗಿ ಉಳಿಯಲಿಲ್ಲ.

ಕಿನ್ನಿಗೋಳಿಯ ಲ್ಯಾನ್ಸಿ ಸರ್ ಈ ದ್ವೀಪಕ್ಕೆ ಬಂದಾಗ ಮೊದಲು ಹೂರಾದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿಗೆ ಕೂತವರು. ಅಲ್ಲಿಂದ ನಮ್ಮ ಆಸ್ಪತ್ರೆಗೆ ಬಂದು, ಕೆಳಗಿನ ಮೆಟ್ಟಿಲಿಂದ ಏರುತ್ತ ಏರುತ್ತ ವಿಭಾಗದ ಮುಖ್ಯಸ್ಥರಾದರು. ಮೂಗಿನ ಮೇಲೆ ಸಿಟ್ಟು. ಕಾರಿಡಾರಿನ ಆ ತುದಿಯಲ್ಲಿ ಅವರು ಗುಡುಗಿದರೆ ಈ ತುದಿಯ ಎಕ್ಸ್‌ರೇ ಕೋಣೆಯಲ್ಲಿ ರೋಗಿಗಳು ಯಾರೂ ಹೇಳದೆಯೇ ಉಸಿರು ಬಿಗಿಹಿಡಿಯುತ್ತಿದ್ದರಂತೆ. ಎಲ್ಲೆಲ್ಲಿಂದಲೋ ಪೆನ್‌ಡ್ರೈವ್ ತಂದು ಸಿಕ್ಕಿಸುವ ವೈದ್ಯರನ್ನು ಅವರು ಬಯ್ಯುತ್ತಿದ್ದ ರೀತಿ ಕೇಳಿದರೆ ನಮಗೆಲ್ಲ ಒಳಗೊಳಗೇ ಹಬ್ಬ. ಆದರೆ ಆ ದನಿ! ಹೊಟ್ಟೆಯಾಳದಿಂದ ಬರುವ, ಸ್ವಲ್ಪ ಒರಟಾದ, ಬಯ್ಯುವಾಗಲೂ ಎಲ್ಲೋ ಒಂದು ನಗುವನ್ನು ಬಚ್ಚಿಟ್ಟುಕೊಂಡ ದನಿ. ಇಲ್ಲಿ ವಾರದ ರಜೆ ಶುಕ್ರವಾರ, ಆ ದಿನದ ಇಗರ್ಜಿಯ ಪೂಜೆಯಲ್ಲಿ ಅವರು ಹಾಡುವುದನ್ನು ಕೇಳಲೆಂದೇ ಹಿಂದಿನ ಬೆಂಚುಗಳಲ್ಲಿ ಬಂದು ಕೂರುವವರಿದ್ದರೆಂದು ಅವರ ಪತ್ನಿ ಶ್ರೀಮತಿ ಫ್ಲಾವಿಯಾ ಹೇಳುತ್ತಾರೆ. ಅವರು ದಾದಿ, ಬಣ್ಣಕಟ್ಟಿ ಹೇಳುವವರಲ್ಲ.

ನಾನು ಆ ಆಸ್ಪತ್ರೆಗೆ ಸೇರಿದ್ದು ವಾರ್ಡಿನ ಗುಮಾಸ್ತೆಯಾಗಿ. ಹೆಜಮಾಡಿಯ ನಮ್ಮ ಕುಟುಂಬದಲ್ಲಿ ಕಣ್ಣಿನ ಈ ರೋಗ ಹೊಸತಲ್ಲ. ಮೊದಲು ಇರುಳುಗಣ್ಣು, ಆಮೇಲೆ ಬದಿಯಿಂದ ಕತ್ತಲು, ಕೊನೆಗೆ ನಡುವೆ ಉಳಿದ ಬೆಳಕಿನ ಕಿಂಡಿಯೂ ಮುಚ್ಚುತ್ತದೆ. ಕಡತಗಳನ್ನು ಓದಲಾಗದೆ ತಪ್ಪುಗಳಾಗತೊಡಗಿದಾಗ ನನ್ನ ಗಂಡ ಶೈಲೇಶ್, ಏಸಿ ಮೆಕ್ಯಾನಿಕ್ಕು, "ಸಾಕು ಪ್ರಫುಲ್ಲಾ, ಖುಷಿಯನ್ನು ಕರ್ಕೊಂಡು ಊರಿಗೆ ಹೋಗು, ನಾನು ಇಲ್ಲಿಂದ ಕಳಿಸ್ತೇನೆ," ಎಂದರು. ಖುಷಿ ನಮ್ಮ ಮಗಳು, ಆಗ ಅವಳಿನ್ನೂ ಚಿಕ್ಕವಳು. ವೀಸಾ ಇರುವುದು ಕೆಲಸದ ಮೇಲೆ. ಕೆಲಸ ಹೋದರೆ ಈ ದೇಶದಲ್ಲಿ ನಮಗೆ ನಿಲ್ಲಲು ಜಾಗವಿಲ್ಲ. ನಾನು ರಾಜೀನಾಮೆ ಕೊಡಲು ಹೊರಟ ದಿನ ಲಿಫ್ಟಿನ ಬಾಗಿಲಲ್ಲಿ ಲ್ಯಾನ್ಸಿ ಸರ್ ಅಡ್ಡ ನಿಂತರು.

"ಕಣ್ಣು ಹೋದ್ರೆ ಕಿವಿ ಎಲ್ಲಿಗೆ ಹೋಗಿದೆ? ಎಕ್ಸ್‌ಚೇಂಜಿಗೆ ಕಿವಿ ಸಾಕಲ್ಲ ಮಾರಾಯ್ತಿ!"

ಆಡಳಿತದವರ ಬಳಿ ಅವರು ಜಗಳವಾಡಿದ್ದು ಎಷ್ಟೆಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಕುರುಡರಿಗೆಂದು ಮಾರುವ ಮಾತಾಡುವ ತಂತ್ರಾಂಶ ದುಬಾರಿ, ಅದಕ್ಕೆ ಕನ್ನಡವೂ ಬಾರದು. ಲಿನಕ್ಸಿನಲ್ಲಿ ಅದು ಪುಕ್ಕಟೆ, ಕನ್ನಡವೂ ಬರುತ್ತದೆ. ಬರುತ್ತದೆ ಎಂದರೆ, ತಗಡಿನ ಡಬ್ಬಿಯೊಳಗೆ ಯಾರೋ ಕೂತು ಶಾಲೆಯ ಪಾಠ ಒಪ್ಪಿಸಿದ ಹಾಗೆ ಬರುತ್ತದೆ. ಮೊದಲ ದಿನ ಅದನ್ನು ಕೇಳಿ ನಾನು ಅತ್ತುಬಿಟ್ಟೆ. ಲ್ಯಾನ್ಸಿ ಸರ್ ಪಕ್ಕದಲ್ಲಿ ಕುರ್ಚಿ ಎಳೆದು ಕೂತು, "ಅಳು, ಅಡ್ಡಿಲ್ಲ. ಅತ್ತಾದ ಮೇಲೆ ಮೂರನೇ ಕೀ ಒತ್ತು," ಎಂದರು. ತಮ್ಮ ಊಟದ ಹೊತ್ತನ್ನೆಲ್ಲ ಸುರಿದು ಅವರು ನನಗೆ ಕಲಿಸಿದರು. ಬೈದು ಕಲಿಸಿದರು. ಪಾಪ, ಕುರುಡಿ ಎಂದು ಒಂದು ದಿನವೂ ದನಿ ತಗ್ಗಿಸಲಿಲ್ಲ. ಆ ಒಂದು ಮರ್ಯಾದೆಗೆ ನಾನು ಅವರಿಗೆ ಜನ್ಮವಿಡೀ ಋಣಿ.

ಅವರ ಕೆಲಸಕ್ಕೆ ಮೂರು ನೇಮಗಳಿದ್ದವು. ಹೊಸ ಆವೃತ್ತಿ ಹಾಕುವುದು ಶುಕ್ರವಾರವೇ, ಪೂಜೆ ಮುಗಿಸಿಕೊಂಡು ಬಂದ ಮೇಲೆಯೇ. ಹಾಕುವಾಗ ಆ ಮೆಷಿನ್ನಿನಲ್ಲಿ ಕೆಲಸ ಮಾಡುವವರು ಪಕ್ಕದಲ್ಲಿ ಕೂತಿರಲೇಬೇಕು. "ಮಗುವಿಗೆ ಇಂಜೆಕ್ಷನ್ ಕೊಡುವಾಗ ತಾಯಿ ಹತ್ರ ಇರ್ಬೇಕು," ಎನ್ನುತ್ತಿದ್ದರು. ಮೂರನೆಯದನ್ನು ಅವರು ಜಪದಂತೆ ಎಲ್ಲರ ಕಿವಿಗೂ ಹಾಕಿದ್ದರು. ಲಿನಕ್ಸಿನಲ್ಲಿ ‘ಹೋಮ್’ ಎಂಬ ಒಂದು ವಿಭಾಗ ಉಂಟು, ಬಳಸುವವರ ಸ್ವಂತದ್ದು ಅಲ್ಲಿರುತ್ತದೆ. ಉಳಿದದ್ದು ಸಿಸ್ಟಮಿನದು. "ನಿಮ್ಮದು ಎಂತ ಇದ್ರೂ ಹೋಮಿನಲ್ಲಿ ಇಡಿ. ಸಿಸ್ಟಮ್ ಅಂದ್ರೆ ರಸ್ತೆ ಬದಿಯ ಸರ್ಕಾರಿ ಜಾಗ, ಯಾವತ್ತು ಬೇಕಾದ್ರೂ ಬುಲ್ಡೋಜರ್ ಬರ್ತದೆ." ಈ ಮಾತನ್ನು ಕೇಳದವರು ನಮ್ಮ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ.

ನಾನು ಎಕ್ಸ್‌ಚೇಂಜಿನಲ್ಲಿ ಗಟ್ಟಿಯಾಗಿ ಕೂತ ಮೇಲೆ ಒಂದು ಮಧ್ಯಾಹ್ನ ಅವರು ಬಂದು ನನ್ನ ತಲೆಯ ಮೇಲಿದ್ದ ಹೆಡ್‌ಫೋನು ಕಿತ್ತುಕೊಂಡರು.

"ಈ ತಗಡಿನ ಡಬ್ಬಿ ಇಡೀ ದಿನ ಕೇಳಿ ನಿನಗೆ ಹುಚ್ಚು ಹಿಡೀಲಿಕ್ಕುಂಟು. ಸುಮ್ಮನೆ ಕೂರು," ಎಂದು ನನ್ನ ಮೆಷಿನ್ನಿನಲ್ಲೇ, ನನ್ನ ಮೈಕಿನಲ್ಲೇ, ತಮ್ಮ ದನಿಯಲ್ಲಿ ಕೆಲವು ಮಾತು ರೆಕಾರ್ಡು ಮಾಡಿದರು. ಬೆಳಿಗ್ಗೆ ಗುಂಡಿ ಒತ್ತಿದರೆ, ನಾನು ಪಾಸ್‌ವರ್ಡ್ ಕೊಡುವ ಮೊದಲೇ, "ಬಂದ್ಯಾ? ಕೂರು ಕೂರು." ಫೋನು ಬಂದರೆ, "ಪ್ರಫುಲ್ಲಾ, ಫೋನು!" ತೀವ್ರ ನಿಗಾ ಘಟಕದಿಂದ ಬಂದರೆ, "ಬೇಗ ತೆಗಿ, ಐಸಿಯು." ಯಾರಾದರೂ ಒರಟಾಗಿ ನಡುವೆ ಕರೆ ಕಡಿದುಹಾಕಿದರೆ, "ಹೋಗ್ಲಿ ಬಿಡು ಮಾರಾಯ್ತಿ, ಅವನ ಕರ್ಮ." ಮಧ್ಯಾಹ್ನವಾದರೆ, "ಊಟ ಮಾಡು, ಆಸ್ಪತ್ರೆ ಓಡಿಹೋಗುದಿಲ್ಲ." ಆ ಕೋಣೆಯಲ್ಲಿ ಹಗಲಿಡೀ ನಾನೊಬ್ಬಳೇ. ಆ ದನಿ ಬಂದ ಮೇಲೆ ಒಬ್ಬಳೇ ಎಂದು ಅನ್ನಿಸಿದ್ದು ಕಡಿಮೆ.

ಆ ದನಿ ಒಡೆಯತೊಡಗಿದಾಗ ಮೊದಲು ಕಂಡುಹಿಡಿದವಳು ನಾನು. ನಮಗೆ ಕಿವಿಯೇ ಕಣ್ಣಲ್ಲವೇ? "ಸರ್, ನಿಮ್ಮ ಸ್ವರ ಎಂತ ಹೀಗೆ?" ಎಂದರೆ, "ಏಸಿ ಗಾಳಿ ಮಾರಾಯ್ತಿ, ನಿನ್ನ ಗಂಡನಿಗೆ ಹೇಳು," ಎಂದು ತಮಾಷೆ ಮಾಡಿದರು. ಶುಂಠಿ ಕಷಾಯವಾಯಿತು, ಮಾತ್ರೆಯಾಯಿತು, ಹಾಡುವುದು ನಿಂತಿತು. ಫ್ಲಾವಿಯಾ ಬಲವಂತದಿಂದ ದೊಡ್ಡಾಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಗಂಟಲಿನ ಗಡ್ಡೆ ದನಿಪೆಟ್ಟಿಗೆಯನ್ನು ಪೂರ್ತಿ ಹಿಡಿದಿತ್ತು. ಜೀವ ಬೇಕೋ, ದನಿ ಬೇಕೋ ಎಂದು ವೈದ್ಯರು ಕೇಳಿದ್ದು ಅಷ್ಟು ನೇರವಾಗಿ. ದನಿಪೆಟ್ಟಿಗೆ ತೆಗೆದರು. ಗಂಟಲಿನ ಬುಡದಲ್ಲಿ ಉಸಿರಾಡಲು ಒಂದು ತೂತು ಉಳಿಯಿತು.

ಅವರು ಕೆಲಸಕ್ಕೆ ಮರಳಿದ ದಿನ ಎಲ್ಲರೂ ಅವರ ಕೈಯಲ್ಲಿದ್ದ ಸ್ಲೇಟು ಓದಿ ಕುಶಲ ಮಾತಾಡಿದರಂತೆ. ನನ್ನ ಕೋಣೆಗೂ ಬಂದರು. ತೂತಿನಿಂದ ಉಸಿರು ಸುಯ್ ಎನ್ನುವುದು ಕೇಳಿತು, ಬೇರೇನೂ ಇಲ್ಲ. ಮಾತಾಡಲಾರದವರು ಅವರು, ಓದಲಾರದವಳು ನಾನು. ಇಂಥ ಜೋಡಿಯನ್ನು ಮಾಡಿಟ್ಟ ದೇವರ ಮೇಲೆ ಆ ಹೊತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ಏನೋ ಇಟ್ಟ ಸದ್ದಾಯಿತು. ನನ್ನ ಮೆಷಿನ್ನಿಗೆ ಎರಡನೆಯ ಕೀಬೋರ್ಡು ಸಿಕ್ಕಿಸುತ್ತಿದ್ದರು. ಟಕಟಕ ಎಂದು ಒತ್ತಿದರು. ತಗಡಿನ ದನಿ ಹೇಳಿತು: "ಎಂತ ಮೂಕಿಯ ಹಾಗೆ ಕೂತಿದ್ದೀ. ಚಾ ತರಿಸು."

ಅಂದಿನಿಂದ ಅವರು ನನ್ನೊಡನೆ ಆಡಿದ್ದೆಲ್ಲ ಆ ಡಬ್ಬಿಯ ಬಾಯಿಂದಲೇ. ಬೈಗುಳವೂ ಹವಾಮಾನ ವರದಿ ಓದಿದ ಹಾಗೆ ಬರುತ್ತಿತ್ತು. ಅದರ ನಡುವೆ ಫೋನು ಬಂದರೆ ಅವರದೇ ಹಳೆಯ ಗಂಟಲು, "ಪ್ರಫುಲ್ಲಾ, ಫೋನು!" ಎನ್ನುತ್ತಿತ್ತು. ಆಗ ಅವರ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಡುತ್ತಿತ್ತು. ಆ ರೆಕಾರ್ಡು ತೆಗೆಸಿಬಿಡಲೇ ಎಂದು ಒಮ್ಮೆ ಕೇಳಿದೆ. "ಇರಲಿ. ಎಲ್ಲಿಯಾದರೂ ಇರಲಿ," ಎಂದು ಒತ್ತಿದರು.

ಕಳೆದ ಚಳಿಗಾಲದಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ರೋಗ ಮರಳಿದೆ, ಶ್ವಾಸಕೋಶಕ್ಕೂ ಹಬ್ಬಿದೆ, ಅವರು ನಿವೃತ್ತಿ ಪಡೆದು ಊರಿಗೆ ಹೋಗುವುದೇ ಒಳಿತು ಎಂಬುದು ಒಂದು. ಎಕ್ಸ್‌ಚೇಂಜಿನ ಮೆಷಿನ್ನಿನಲ್ಲಿದ್ದ ಲಿನಕ್ಸ್ ಆವೃತ್ತಿಯ ಆಯುಷ್ಯ ಮುಗಿದಿದೆ, ಸುರಕ್ಷತೆಯ ಕಾರಣಕ್ಕೆ ಭಾನುವಾರ ಬೆಳಿಗ್ಗೆಯಿಂದ ಹಳೆಯ ಆವೃತ್ತಿಗಳನ್ನೆಲ್ಲ ಜಾಲದಿಂದ ಕಡಿಯಲಾಗುವುದು ಎಂಬುದು ಇನ್ನೊಂದು. ಹೊಸ ಆಡಳಿತಾಧಿಕಾರಿಗಳು ನನ್ನ ಕೋಣೆಗೇ ಬಂದು ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ವಿವರಿಸಿದರು. ಆ ಹಳೆಯ ಮೆಷಿನ್ನಿನ ಹಿಂದೆ ಹೋಗುವ ಬದಲು ಬೆರಳಲ್ಲಿ ಮುಟ್ಟುವ ಪರದೆಯ ಹೊಸ ಎಕ್ಸ್‌ಚೇಂಜ್ ತರಿಸಬಹುದು. ಅದನ್ನು ನಡೆಸಲು ಕಣ್ಣು ಬೇಕು. ನನ್ನ ವೀಸಾ ಹೇಗೂ ನವೀಕರಣಕ್ಕೆ ಬಂದಿತ್ತು. ಭಾನುವಾರ ಮೆಷಿನ್ ಮಾತಾಡಿದರೆ ಸರಿ, ಇಲ್ಲದಿದ್ದರೆ ಕಳಿಸಿಕೊಡುತ್ತೇವೆ ಎಂಬುದು ಅವರ ಮೃದು ಮಾತಿನ ತಾತ್ಪರ್ಯ. ಖುಷಿ ಆಗ ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಳು.

ಲ್ಯಾನ್ಸಿ ಸರ್‌ ಅವರ ಕೊನೆಯ ಕೆಲಸದ ದಿನ ಗುರುವಾರ. ಕೇಕ್ ಕತ್ತರಿಸಿ, ಶಾಲು ಹೊದೆಸಿ ಕಳಿಸಿದ್ದರು. ಶುಕ್ರವಾರ ಬರುವ ಅಗತ್ಯ ಅವರಿಗಿರಲಿಲ್ಲ. ಪೂಜೆ ಮುಗಿಸಿ ನೇರ ಬಂದರು. ಫ್ಲಾವಿಯಾ ಕಾರಿನಲ್ಲಿ ಬಿಟ್ಟು ತಮ್ಮ ಡ್ಯೂಟಿಗೆ ಹೋದರು. ಹೊರರೋಗಿ ವಿಭಾಗ ಮುಚ್ಚಿತ್ತು, ಫೋನುಗಳೆಲ್ಲ ತುರ್ತು ವಿಭಾಗಕ್ಕೆ ತಿರುಗಿದ್ದವು. ಅವರ ನೇಮದಂತೆ ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ನನ್ನ ಹೋಮನ್ನು ಒಂದು ಡಿಸ್ಕಿಗೆ ನಕಲು ಮಾಡಿಕೊಂಡರು. ಆಮೇಲೆ ತಗಡಿನ ದನಿಯಲ್ಲಿ ಹೇಳಿದರು: "ಶುರು ಮಾಡ್ತೇನೆ. ಇನ್ನು ಸ್ವಲ್ಪ ಹೊತ್ತು ನೀನು ಕುರುಡಿ, ನಾನು ಮೂಕ, ಮೆಷಿನ್ ಹೆಣ. ಹೆದರಬೇಡ."

ಮೆಷಿನ್ ಮೌನವಾಯಿತು.

ಓದುಗರಿಗೆ ಇದನ್ನು ಹೇಗೆ ತಿಳಿಸಲಿ? ಫ್ಯಾನಿನ ಗಾಳಿ ಬೀಸುವ ಸದ್ದು, ಅವರ ಉಸಿರಿನ ಸುಯ್ಲು. ಅಷ್ಟೇ. ಹೊತ್ತು ಹೋಗುತ್ತ ಹೋಗುತ್ತ ಆ ಸುಯ್ಲು ಕೂಡ ಗಾಳಿಯಲ್ಲಿ ಬೆರೆತು, ಪಕ್ಕದಲ್ಲಿ ಮನುಷ್ಯರಿದ್ದಾರೋ ಇಲ್ಲವೋ ಎಂದೇ ತಿಳಿಯದಾಯಿತು.

"ಸರ್, ಇದ್ದೀರಾ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರೆಲ್ಲಿ ಉತ್ತರ ಕೊಡುವುದು! ಅಷ್ಟರಲ್ಲಿ ಮೇಜಿನ ಮೇಲೆ ಬೆರಳಿನ ಗಂಟಿನಿಂದ ಒಂದು ಸಲ ಬಡಿದರು. ಟಕ್.

"ಒಂದು ಅಂದ್ರೆ ಹೌದು, ಎರಡು ಅಂದ್ರೆ ಇಲ್ಲ. ಆಯ್ತಾ?" ಎಂದೆ.

ಟಕ್.

"ಸರಿಯಾಗಿ ಹೋಗ್ತಾ ಉಂಟಾ?"

ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಟಕ್, ಟಕ್.

ನಮ್ಮ ಮೆಷಿನ್ ಎರಡು ಆವೃತ್ತಿ ಹಿಂದೆ ಬಿದ್ದಿತ್ತು, ಮೆಟ್ಟಿಲು ಹಾರುವಂತಿಲ್ಲ, ಒಂದೊಂದೇ ಏರಬೇಕು. ಮೊದಲನೆಯದರ ನಡುವೆಯೇ ಅದು ಕುಸಿದು ಕೂತಿತ್ತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ನನಗೆ ಕೇಳಿದ್ದು ಗುಂಡಿ ಒತ್ತುವುದು, ಮೆಷಿನ್ ಎದ್ದು ನಿಂತು ಪುನಃ ಬೀಳುವುದು, ಪುನಃ ಒತ್ತುವುದು. ಅವರ ಉಸಿರು ಬಿರುಸಾಯಿತು, ಕೆಮ್ಮು ಬಂತು. ತೂತಿನಿಂದ ಬರುವ ಆ ಕೆಮ್ಮನ್ನು ಕೇಳಿದವರಿಗೇ ಗೊತ್ತು. ಹೊರಗೆ ಮಧ್ಯಾಹ್ನದ ನಮಾಜಿನ ಕರೆ ಮುಗಿದು ಬಹಳ ಹೊತ್ತಾಗಿತ್ತು.

"ಸಾಕು ಸರ್, ಬಿಟ್ಟುಬಿಡಿ. ನಾನು ಊರಿಗೆ ಹೋಗ್ತೇನೆ, ಅಡ್ಡಿಲ್ಲ."

ಟಕ್, ಟಕ್! ಗಾಜಿನ ಲೋಟ ಅಲುಗುವಷ್ಟು ಜೋರಾಗಿ ಬಡಿದರು. ನನಗೆ ಅಷ್ಟು ದುಃಖದಲ್ಲೂ ನಗು ಬಂತು. ಅದು ಅವರ ಹಳೆಯ ಬೈಗುಳವೇ.

ಆಮೇಲೆ ನನ್ನ ಕೈ ಹಿಡಿದು ಅಂಗೈಯಲ್ಲಿ ಒಂದು ಪೆನ್‌ಡ್ರೈವ್ ಇಟ್ಟು, ಹಿಂದಕ್ಕೆ ತೆಗೆದುಕೊಂಡರು. ಹೊಸ ಆವೃತ್ತಿಯನ್ನು ಅವರು ತರುವುದು ಅದರಲ್ಲೇ. ಅರ್ಥವಾಯಿತು. ಏರಿಸುವುದು ಸಾಧ್ಯವಿಲ್ಲ, ಹಳತನ್ನು ಅಳಿಸಿ ಹೊಸತನ್ನು ಬುಡದಿಂದ ಹಾಕುತ್ತಾರೆ.

"ಎಲ್ಲ ಅಳಿಸಿ ಹಾಕ್ತೀರಾ?"

ಟಕ್.

"ನನ್ನ ಹೋಮ್ ಇರ್ತದಾ?"

ಟಕ್.

"ನಿಮ್ಮ ಮಾತು? ಆ ರೆಕಾರ್ಡು ಮಾಡಿದ್ದು? ಅದು ಇರ್ತದಲ್ಲ ಸರ್?"

ಟಕ್. ಒಂದು ಕ್ಷಣವೂ ತಡೆಯಲಿಲ್ಲ ಅವರು. ಅಷ್ಟು ಖಚಿತವಾಗಿ ಬಡಿದರು.

ಸಂಜೆಯ ನಮಾಜಿನ ಕರೆಯ ಹೊತ್ತಿಗೆ ಹೊಸ ಆವೃತ್ತಿ ಕೂತಿತು. ಆದರೆ ಮಾತಿಲ್ಲ. ಹೊಸತು ಸದ್ದನ್ನೆಲ್ಲ ಸ್ಪೀಕರಿನ ಬದಲು ಪರದೆಯ ಕಡೆಗೆ ಕಳಿಸುತ್ತಿತ್ತಂತೆ, ಆ ಪರದೆಗೆ ಸ್ಪೀಕರೇ ಇರಲಿಲ್ಲ. ಅದನ್ನು ಅವರು ಹುಡುಕಿ ತಿರುಗಿಸಿದಾಗ ಮೊದಲು ಇಂಗ್ಲಿಷ್ ದನಿ ಬಂತು, ಕನ್ನಡ ಬಂದಲ್ಲೆಲ್ಲ ‘ಲೆಟರ್, ಲೆಟರ್’ ಎಂದು ತೊದಲಿತು. ಅದನ್ನೂ ಸರಿಪಡಿಸಿದರು. ಕೊನೆಗೆ ಎರಡನೆಯ ಕೀಬೋರ್ಡಿನ ಟಕಟಕ, ಅದರ ಹಿಂದೆಯೇ ನಮ್ಮ ತಗಡಿನ ಡಬ್ಬಿ: "ಕೇಳ್ತದಾ."

"ಕೇಳ್ತದೆ! ಕೇಳ್ತದೆ ಸರ್!" ನಾನು ಕೂಗಿಬಿಟ್ಟೆ. ಒಂದು ಡಬ್ಬಿಯ ದನಿ ಅಷ್ಟು ಸಿಹಿಯಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ. ಖುಷಿಯ ಪರೀಕ್ಷೆ, ಹೂರಾದ ನಮ್ಮ ಫ್ಲಾಟು, ಶೈಲೇಶರ ಜೊತೆಗಿನ ಬಾಳು, ಎಲ್ಲವೂ ಆ ಒಂದು ಶಬ್ದದಲ್ಲಿ ನನಗೆ ಮರಳಿ ಸಿಕ್ಕಿದಂತಾಯಿತು.

ಇನ್ನು ಉಳಿದದ್ದು ಫೋನಿನ ಪರೀಕ್ಷೆ. ತುರ್ತು ವಿಭಾಗಕ್ಕೆ ತಿರುಗಿಸಿದ್ದ ಫೋನನ್ನು ಪುನಃ ನಮ್ಮ ಕಡೆ ತಿರುಗಿಸಿ, ಅವರು ತಮ್ಮ ಮೊಬೈಲಿನಿಂದ ಎಕ್ಸ್‌ಚೇಂಜಿಗೆ ಕರೆ ಮಾಡಿದರು. ನಾನು "ಪ್ರಫುಲ್ಲಾ, ಫೋನು!" ಎಂಬುದಕ್ಕೆ ಕಿವಿ ಕೊಟ್ಟು ಕೂತೆ. ಟಿಣ್ ಎಂದಿತು. ಪುನಃ ಟಿಣ್. ಎಲ್ಲ ಮೆಷಿನ್ನುಗಳಲ್ಲೂ ಬರುವಂಥ ಒಂದು ಗಂಟೆ. ಅವರು ಕರೆ ಕಡಿದು ಮತ್ತೆ ಮಾಡಿದರು. ಟಿಣ್. ಆಮೇಲೆ ಕೀಬೋರ್ಡಿನಲ್ಲಿ ಏನೇನೋ ಹುಡುಕಿದರು, ತಂದಿದ್ದ ಡಿಸ್ಕು ಹಾಕಿ ಹುಡುಕಿದರು. ಕೊನೆಗೆ ಕೈ ನಿಂತಿತು. ಸುಯ್ಲು ಮಾತ್ರ.

ಎರಡನೆಯ ಕೀಬೋರ್ಡು ಎಳೆದುಕೊಂಡು ಒತ್ತಿದರು. ತಗಡಿನ ದನಿ, ಅದಕ್ಕೇನು ಗೊತ್ತು, ಯಾವ ಏರಿಳಿತವೂ ಇಲ್ಲದೆ ಓದಿತು: "ನೀನು ಪಾಸ್‌ವರ್ಡ್ ಕೊಡುವ ಮೊದಲೇ ಕೇಳಬೇಕು ಎಂದು ಸಿಸ್ಟಮಿನಲ್ಲಿ ಇಟ್ಟಿದ್ದೆ. ಹೋಮಿಗೆ ಕಾಪಿ ಮಾಡಿದ್ದೇನೆ ಎಂದೇ ನೆನಪು. ಮಾಡಲಿಲ್ಲ. ಹೋಯಿತು."

"ಅದಕ್ಕೆಂತ ಸರ್, ಪುನಃ ರೆಕಾರ್ಡು..." ಎಂದು ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದೆ. ಇಡೀ ಆಸ್ಪತ್ರೆಗೆ ಜಪ ಕಲಿಸಿದವರು ತಮ್ಮದೊಂದನ್ನು ಮಾತ್ರ ಸರ್ಕಾರಿ ಜಾಗದಲ್ಲಿ ಇಟ್ಟುಬಿಟ್ಟಿದ್ದರು. ತಮ್ಮದು ಎಂದು ಅವರಿಗೆ ಅನಿಸಿರಲೇ ಇಲ್ಲ, ಅದು ನನ್ನ ಕೆಲಸಕ್ಕೆಂದು ಮಾಡಿದ ಸಾಮಾನು.

ಡಬ್ಬಿ ಪುನಃ ಮಾತಾಡಿತು: "ನಾಡಿದ್ದು ನೀನು ಕೂರಬಹುದು. ಅಷ್ಟು ಸಾಕು. ಮೂಗು ಒರೆಸಿಕೋ."

ಭಾನುವಾರ ಬೆಳಿಗ್ಗೆ ಹಳೆಯ ಮೆಷಿನ್ನುಗಳನ್ನು ಜಾಲದಿಂದ ಕಡಿದರು. ನನ್ನದು ಮಾತಾಡಿತು. ಆಡಳಿತಾಧಿಕಾರಿಗಳು ಬಂದು ನೋಡಿ, ವೆರಿ ಗುಡ್ ಎಂದು ಹೋದರು. ನನ್ನ ವೀಸಾ ನವೀಕರಣವಾಯಿತು, ಖುಷಿ ಇಲ್ಲಿಯೇ ಪರೀಕ್ಷೆ ಬರೆದಳು. ಹೊಸ ಆವೃತ್ತಿಯ ಅಳವಡಿಕೆ ಯಶಸ್ವಿಯಾಗಿ ಮುಗಿಯಿತೆಂದು ಆಸ್ಪತ್ರೆಯ ಸುತ್ತೋಲೆಯಲ್ಲಿ ಒಂದು ಸಾಲು ಬಂತಂತೆ. ಅದು ಸುಳ್ಳೂ ಅಲ್ಲ.

ಅವರು ಊರಿಗೆ ಹೊರಡುವ ಮೊದಲು ಫ್ಲಾವಿಯಾ ನನ್ನ ಕೋಣೆಗೆ ಬಂದರು. ಕುರ್ಚಿಯಲ್ಲಿ ಕೂತು ಸುಮಾರು ಹೊತ್ತು ಅದೂ ಇದೂ ಮಾತಾಡಿ, ಆಮೇಲೆ ದನಿ ತಗ್ಗಿಸಿದರು.

"ಪ್ರಫುಲ್ಲಾ, ಇವರ ಸ್ವರ ನಿಮ್ಮ ಕಂಪ್ಯೂಟರಲ್ಲಿ ಉಂಟಲ್ಲ, ಅದರದ್ದು ನನಗೊಂದು ಕಾಪಿ ಬೇಕಿತ್ತು. ನನ್ನ ಹತ್ರ ಎಂತದೂ ಇಲ್ಲ. ವಾಯ್ಸ್ ಮೆಸೇಜು ಕಳಿಸುವ ಜನವೇ ಅಲ್ಲ ಇವರು, ಓಕೆ ಅಂತ ಎರಡಕ್ಷರ ಬರೆಯುವುದು. ಇಗರ್ಜಿಯ ಕಾಯರು ಹಾಡಿದ ವಿಡಿಯೋ ಉಂಟು, ಅದರಲ್ಲಿ ಎಲ್ಲರ ಸ್ವರ ಒಟ್ಟಿಗೆ."

ಅವರಿಗೆ ಗಂಡ ಹೇಳಿರಲಿಲ್ಲ. ನಾನು ಹೇಳಬೇಕಾಯಿತು. ನನ್ನ ಜೀವಮಾನದಲ್ಲಿ ನಾನು ಎಷ್ಟೋ ಸಾವಿನ ಫೋನುಗಳನ್ನು ವಾರ್ಡಿನಿಂದ ಮನೆಗೆ ಜೋಡಿಸಿಕೊಟ್ಟವಳು, ಆದರೆ ಸುದ್ದಿಯನ್ನು ನಾನೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಫ್ಲಾವಿಯಾ ಅಳಲಿಲ್ಲ. "ಇವರಿಗೆ ಗೊತ್ತುಂಟಾ ಹೋದದ್ದು?" ಎಂದು ಕೇಳಿದರು.

"ಗೊತ್ತುಂಟು."

"ಹಾಗಾದ್ರೆ ನಾನು ಕೇಳಿದೆ ಅಂತ ಹೇಳ್ಬೇಡಿ." ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, "ಎಂತೆಲ್ಲ ಹೇಳಿದ್ರು ಅದರಲ್ಲಿ? ಅವರು ಹೇಳಿದ ಹಾಗೆ ಒಮ್ಮೆ ಹೇಳಿ ನೋಡುವ," ಎಂದರು.

ಹೇಳಿದೆ. ಬಂದ್ಯಾ, ಕೂರು ಕೂರು. ಬೇಗ ತೆಗಿ, ಐಸಿಯು. ಹೋಗ್ಲಿ ಬಿಡು ಮಾರಾಯ್ತಿ, ಅವನ ಕರ್ಮ. ಆ ಎಳೆತ, ಆ ಒರಟು, ನನ್ನ ಹೆಣ್ಣು ಗಂಟಲಿಗೆ ಬಂದಷ್ಟು ಬಂತು. ಊಟ ಮಾಡು, ಆಸ್ಪತ್ರೆ ಓಡಿಹೋಗುದಿಲ್ಲ ಎಂಬಲ್ಲಿಗೆ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಆಮೇಲೆ ಅತ್ತರು.

ಇದು ಸನ್ಮಾನದ ಗ್ರಂಥ. ನಾನು ಸನ್ಮಾನವನ್ನೇ ಬರೆದಿದ್ದೇನೆಂದು ನನ್ನ ನಂಬಿಕೆ. ತನ್ನ ಉಸಿರಿಗೇ ಉಸಿರು ಸಾಲದ ದಿನ, ನಿವೃತ್ತಿಯ ಶಾಲನ್ನು ಮನೆಯಲ್ಲಿಟ್ಟು ಬಂದು, ಇನ್ನೊಬ್ಬಳ ಅನ್ನ ಉಳಿಸಲು ತನ್ನ ದನಿಯ ಕೊನೆಯ ಗುರುತನ್ನು ತನ್ನ ಕೈಯಾರೆ ಅಳಿಸಿದ ಮನುಷ್ಯನಿಗೆ ಯಾವ ಬಿರುದು ಸಾಟಿಯಾದೀತು? ಅಳಿಸುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಒಂದು ಕಾಪಿ ಮಾಡಿಟ್ಟು ಅಳಿಸುತ್ತಿದ್ದರು, ಬಿಡುತ್ತಿರಲಿಲ್ಲ.

ಈಗ ಅವರು ಕಿನ್ನಿಗೋಳಿಯಲ್ಲಿದ್ದಾರೆ. ದಿನಾ ಬೆಳಿಗ್ಗೆ ನಾನು ಕೆಲಸಕ್ಕೆ ಕೂತ ಸ್ವಲ್ಪ ಹೊತ್ತಿಗೆ ಎಕ್ಸ್‌ಚೇಂಜಿಗೆ ಒಂದು ಫೋನು ಬರುತ್ತದೆ. ಟಿಣ್ ಎನ್ನುತ್ತದೆ, ತೆಗೆಯುತ್ತೇನೆ, ಆ ಕಡೆ ಮಾತಿಲ್ಲ. "ಲ್ಯಾನ್ಸಿ ಸರ್, ಇದ್ದೀರಾ?" ಎಂದರೆ ಮಂಚದ ಮರಕ್ಕೆ ಬಡಿದ ಸದ್ದು. ಟಕ್. "ಮೆಷಿನ್ ಮಾತಾಡ್ತಾ ಉಂಟು, ಎಲ್ಲ ಹೋಮಿನಲ್ಲಿ ಇಟ್ಟಿದ್ದೇನೆ, ಮೂರು ಕಡೆ ಕಾಪಿ ಮಾಡಿದ್ದೇನೆ," ಎಂದು ಒಪ್ಪಿಸುತ್ತೇನೆ. ಟಕ್. ಊಟ ಸೇರ್ತದಾ ಎಂದರೆ ಈಚೆಗೆ ಎರಡು ಸಲ ಬಡಿಯುತ್ತಾರೆ. ನೋವುಂಟಾ ಎಂದರೆ ಒಂದು ಸಲ. ಮೊದಲು ಗಟ್ಟಿಯಾಗಿದ್ದ ಸದ್ದಿಗೆ ಈಗ ಎರಡೂ ಕಿವಿ ಕೊಡಬೇಕು. "ಅಮ್ಮಾ, ಅದನ್ನಾದ್ರೂ ರೆಕಾರ್ಡ್ ಮಾಡಿ ಇಡು," ಎಂದು ಖುಷಿ ಹೇಳುತ್ತಾಳೆ. ಅವಳ ಮಾತು ಸರಿಯೇ. ನನ್ನ ಕೈ ಆ ಗುಂಡಿಗೆ ಹೋಗುವುದಿಲ್ಲ. ರೆಕಾರ್ಡು ಮಾಡಿಟ್ಟರೆ ಇನ್ನು ಬರುವುದಿಲ್ಲ ಎಂದು ನಾನೇ ಒಪ್ಪಿದ ಹಾಗೆ.

ಕೊನೆಯಲ್ಲಿ ದೀರ್ಘಾಯುಷ್ಯ ಕೋರಬೇಕೆಂದು ಜೆರಾಲ್ಡ್ ಅವರು ಎರಡೆರಡು ಸಲ ನೆನಪಿಸಿದ್ದಾರೆ. ಇಂಥ ಗ್ರಂಥಗಳಲ್ಲಿ ಎಲ್ಲರೂ ನೂರು ವರ್ಷ ಎಂದೇ ಬರೆಯುತ್ತಾರೆ. ಲ್ಯಾನ್ಸಿ ಸರ್, ನಿಮ್ಮೆದುರು ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ, ಹೇಳಿದರೆ ನೀವು ಬಯ್ಯುತ್ತಿದ್ದಿರಿ. ಈ ಪುಸ್ತಕ ನಿಮ್ಮ ಕೈ ಸೇರಿದ ದಿನ ಫ್ಲಾವಿಯಾ ಇದನ್ನು ಓದಿ ಹೇಳಲಿ. ಮಾರನೆಯ ಬೆಳಿಗ್ಗೆಯೂ ಆ ಫೋನು ಬರಲಿ. ನಾನು ಕೂತಿರುತ್ತೇನೆ, ತೆಗೆದು ಇದ್ದೀರಾ ಎಂದು ಕೇಳುತ್ತೇನೆ. ಒಂದೇ ಸಲ ಬಡಿಯಿರಿ.